ಸ್ಟ್ಯಾಂಡ್‌ಬೈಗೆ ಬದಲಿಸಿದಾಗ ಸುಳ್ಳು ಅಲಾರಂ: ಮ್ಯೂಟ್ ಹೇಗೆ ಬರೆಯಬೇಕು?

ಪ್ರಶ್ನೆ:
ನಮ್ಮ ಎಫ್‌ಎಂ ಸೈಟಿನಲ್ಲಿ ಎರಡು ಟ್ರಾನ್ಸ್‌ಮಿಟರ್ ಇವೆ. ಮೇನ್ 10 ಕಿಲೋವ್ಯಾಟ್, ಸ್ಟ್ಯಾಂಡ್‌ಬೈ 5 ಕಿಲೋವ್ಯಾಟ್. ಮಧ್ಯೆ ಮೋಟಾರ್ ಇರುವ ಕೋಆಕ್ಸಿಯಲ್ ಸ್ವಿಚ್, ಒಂದು ಆಂಟೆನಾದ ಮೇಲಿದ್ದರೆ ಇನ್ನೊಂದು ಡಮ್ಮಿ ಲೋಡಿನ (ಪವರನ್ನು ಪ್ರಸಾರ ಮಾಡದೆ ಶಾಖವಾಗಿಸುವ ಲೋಡ್) ಮೇಲೆ. ಮೇನ್ ಫಾರ್ವರ್ಡ್ ಪವರ್ (ಟ್ರಾನ್ಸ್‌ಮಿಟರಿನಿಂದ ಹೊರಹೋಗುವ ಪವರ್) 9 ಕಿಲೋವ್ಯಾಟಿಗಿಂತ ಇಳಿದರೆ ರಿಮೋಟ್ ಕಂಟ್ರೋಲಿನಿಂದ ಫೋನಿಗೆ ಅಲಾರಂ ಬರುತ್ತದೆ. ಸ್ಟ್ಯಾಂಡ್‌ಬೈಗೆ ಹೋದಾಗ ಮೇನ್ ಆಫ್ ಇರುವುದು ಸಹಜ ಅಲ್ವಾ, ಆದರೂ ಮೆಸೇಜ್ ಮೇಲೆ ಮೆಸೇಜ್. ಅದಕ್ಕೆ ಮೇನಿನ 'ಆರ್‌ಎಫ್ ಆನ್' ಸ್ಟೇಟಸ್ (ರೇಡಿಯೋ ಸಿಗ್ನಲ್ ಹೊರಡುತ್ತಿದೆ ಎನ್ನುವ ಸೂಚನೆ) ಇಲ್ಲದಿದ್ದರೆ ಆ ಅಲಾರಂ ಮ್ಯೂಟ್ ಆಗಲಿ ಅಂತ ರಿಮೋಟ್ ಕಂಟ್ರೋಲಿನ ಪ್ರೋಗ್ರಾಂನಲ್ಲಿ ಬರೆದೆ. ಕಳೆದ ವಾರ ರಾತ್ರಿ ಮೇನ್ ತಾನಾಗೇ ಟ್ರಿಪ್ ಆಯಿತು. 40 ನಿಮಿಷ ಪ್ರಸಾರ ಇರಲಿಲ್ಲ, ಒಂದು ಅಲಾರಂ ಕೂಡ ಬರಲಿಲ್ಲ. ಎಲ್ಲಿ ತಪ್ಪಿದೆ?

ಉತ್ತರ 1:
ತಪ್ಪು ನೀವು ಆರಿಸಿದ ಸ್ಟೇಟಸ್‌ನಲ್ಲೇ ಇದೆ. ಟ್ರಿಪ್ ಆದ ಕೂಡಲೇ 'ಆರ್‌ಎಫ್ ಆನ್' ಕೂಡ ಹೋಗುತ್ತದೆ, ಅಂದರೆ ಅಲಾರಂ ಬೇಕಾದ ಕ್ಷಣದಲ್ಲೇ ಮ್ಯೂಟ್ ಆಗುತ್ತದೆ. ಮ್ಯೂಟನ್ನು ಕೋಆಕ್ಸಿಯಲ್ ಸ್ವಿಚ್ಚಿನ ಸ್ಥಾನಕ್ಕೆ ಕಟ್ಟಿ. ಸ್ವಿಚ್ ಮೇನ್ ಕಡೆ ಇದೆ, ಫಾರ್ವರ್ಡ್ ಪವರ್ 9ಕ್ಕಿಂತ ಕಡಿಮೆ, ಎರಡೂ ನಿಜವಾದರೆ ಅಲಾರಂ. ಸ್ಟ್ಯಾಂಡ್‌ಬೈಗೂ ಹೀಗೇ, ಅಲ್ಲಿ ಮಿತಿ 4.5. ಆಗ ಆಂಟೆನಾದ ಮೇಲೆ ಯಾವುದಿದೆಯೋ ಅದರ ಅಲಾರಂ ಯಾವಾಗಲೂ ಎಚ್ಚರವಾಗಿರುತ್ತದೆ. ಸ್ವಿಚ್‌ಗೆ ಕೊಟ್ಟ ಕಮಾಂಡನ್ನು ನಂಬಬೇಡಿ, ಮೈಕ್ರೋಸ್ವಿಚ್‌ನಿಂದ (ಸ್ವಿಚ್ ನಿಜವಾಗಿ ಯಾವ ಕಡೆ ನಿಂತಿದೆ ಎಂದು ತಿಳಿಸುವ ಪುಟ್ಟ ಸ್ವಿಚ್) ವಾಪಸ್ ಬರುವ ಸ್ಟೇಟಸ್ ಮಾತ್ರ ನಂಬಿ. ಕಮಾಂಡ್ ಹೋಗಿ ಮೋಟಾರ್ ತಿರುಗದೇ ಇರುವುದನ್ನು ನಾನೇ ನೋಡಿದ್ದೇನೆ.

ಉತ್ತರ 2:
ಮೇಲಿನ ಮಾತು ಸರಿ, ಒಂದು ಸೇರಿಸುತ್ತೇನೆ. ಸ್ವಿಚ್ ತಿರುಗುವಾಗ ಇಂಟರ್‌ಲಾಕ್ (ಸುರಕ್ಷತೆಗಾಗಿ ಇರುವ ತಡೆ) ಆರ್‌ಎಫ್ ಕಡಿದಿರುತ್ತದೆ, ಇಲ್ಲದಿದ್ದರೆ ಕಾಂಟ್ಯಾಕ್ಟ್ ಸುಟ್ಟುಹೋಗುತ್ತದೆ. ಆ ಕೆಲವು ಸೆಕೆಂಡ್ ಎರಡು ಕಡೆಯ ಸ್ಟೇಟಸ್ಸೂ ಇರುವುದಿಲ್ಲ, ಹಾಗಾಗಿ ಎರಡೂ ಅಲಾರಂ ಮೌನ. ಸ್ವಿಚ್ ನಡುವೆಯೇ ಸಿಕ್ಕಿಹಾಕಿಕೊಂಡರೆ? ಆಗ ಪ್ರಸಾರವೂ ಇಲ್ಲ, ಅಲಾರಂ ಕೂಡ ಇಲ್ಲ. ಅದಕ್ಕೆ 'ಯಾವ ಕಡೆಯೂ ಇಲ್ಲ' ಎನ್ನುವುದು 10 ಸೆಕೆಂಡ್ ದಾಟಿದರೆ ಬೇರೆಯೇ ಅಲಾರಂ ಬರಲಿ. ಫಾರ್ವರ್ಡ್ ಪವರ್ ಅಲಾರಂಗೂ 15-20 ಸೆಕೆಂಡ್ ತಡ ಕೊಡಿ, ಆಗಷ್ಟೇ ಆನ್ ಆದ ಟ್ರಾನ್ಸ್‌ಮಿಟರ್ ಪವರ್ ಏರಿಸಿಕೊಳ್ಳುವಷ್ಟು ಸಮಯ ಸಾಕು. ಬರೀ ಕ್ಷಣಿಕ ಸುಳ್ಳು ಅಲಾರಂ ಆಗಿದ್ದರೆ ಎಷ್ಟೋ ಸಲ ತಡ ಕೊಟ್ಟರೇ ಸಾಕು, ಮ್ಯೂಟ್ ಬೇಕಾಗುವುದೇ ಇಲ್ಲ.

ಉತ್ತರ 3:
ರಿಪೇರಿಗೆ ಹೋದಾಗ ಕೈಯಿಂದ ಹಾಕುವ ಮ್ಯೂಟ್ ಇನ್ನೂ ಅಪಾಯ, ಸೈಟಿನಿಂದ ಹೊರಡುವ ಅವಸರದಲ್ಲಿ ತೆಗೆಯುವುದು ಮರೆತೇ ಹೋಗುತ್ತದೆ. ಅದಕ್ಕೆ ಟೈಮರ್ ಇಡಿ, 60 ನಿಮಿಷಕ್ಕೆ ತಾನೇ ಬಿಚ್ಚಿಕೊಳ್ಳಲಿ, ಇನ್ನೂ ಸಮಯ ಬೇಕಾದರೆ ಮತ್ತೆ ಒತ್ತಿ. ಮ್ಯೂಟ್ ಆಗಬೇಕಾದ್ದು ಫೋನಿಗೆ ಬರುವ ಮೆಸೇಜ್ ಮಾತ್ರ, ಲಾಗ್ ಬರೆಯುತ್ತಲೇ ಇರಲಿ. ರಿಫ್ಲೆಕ್ಟೆಡ್ ಪವರ್ (ಆಂಟೆನಾದಿಂದ ವಾಪಸ್ ಬರುವ ಪವರ್), ಟವರ್ ದೀಪ, ಕೋಣೆಯ ಬಿಸಿ, ಇವುಗಳ ಅಲಾರಂ ಅನ್ನು ಮ್ಯೂಟ್ ಆಗುವ ಗುಂಪಿಗೆ ಸೇರಿಸಲೇಬೇಡಿ. ಸಾಧ್ಯವಾದರೆ ಸ್ಟುಡಿಯೋದಲ್ಲಿ ಒಂದು ರಿಸೀವರ್ ಇಟ್ಟು ಕ್ಯಾರಿಯರ್ (ಸ್ಟೇಷನ್ನಿನ ರೇಡಿಯೋ ಅಲೆ) ಹೋದರೆ ಬೇರೆ ದಾರಿಯಲ್ಲಿ ಅಲಾರಂ ಬರುವಂತೆ ಮಾಡಿ. ಸೈಟಿನ ಪ್ರೋಗ್ರಾಂನಲ್ಲಿ ಏನೇ ತಪ್ಪಿದ್ದರೂ ಅದು ಕೂಗುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಸ್ವಿಚ್ ಸ್ಥಾನಕ್ಕೆ ಕಟ್ಟಿ, 20 ಸೆಕೆಂಡ್ ತಡ ಇಟ್ಟು, ರಾತ್ರಿ ಕೇಳುಗರು ಕಡಿಮೆ ಇದ್ದಾಗ ಬೇಕಂತಲೇ ಮೇನ್ ಆಫ್ ಮಾಡಿ ನೋಡಿದೆ. ಫೋನ್ ಬಡಿದುಕೊಂಡಿತು. ಸ್ಟ್ಯಾಂಡ್‌ಬೈಗೆ ಬದಲಿಸಿದಾಗ ಒಂದೂ ಮೆಸೇಜ್ ಇಲ್ಲ. 'ಯಾವ ಕಡೆಯೂ ಇಲ್ಲ' ಅಲಾರಂ ಮಾತ್ರ ಇನ್ನೂ ಪರೀಕ್ಷಿಸಿಲ್ಲ, ಮುಂದಿನ ಸಲ ಸೈಟಿಗೆ ಹೋದಾಗ ಎರಡೂ ಟ್ರಾನ್ಸ್‌ಮಿಟರ್ ಆಫ್ ಇಟ್ಟು ಮೈಕ್ರೋಸ್ವಿಚ್‌ನ ತಂತಿ ಬಿಚ್ಚಿ ನೋಡುತ್ತೇನೆ.