‘ಟ್ರೆಮರ್’ ಎಂದರೆ ನಡುಕವೋ, ಕಂಪನವೋ?

ಪ್ರಶ್ನೆ (ಕಲಬುರಗಿ):
ನಮ್ಮ ತಂದೆಯವರು ಚಹಾದ ಬಸಿ ಎತ್ತಿದರೆ ಸಾಕು, ಕೈ ಅಲುಗಾಡಿ, ಅದು ತುಟಿ ಮುಟ್ಟುವಷ್ಟರಲ್ಲಿ ಅರ್ಧ ಚಹಾ ಧೋತರದ ಮೇಲೆ ಚೆಲ್ಲಿರುತ್ತದೆ. ವೈದ್ಯರು ಚೀಟಿಯಲ್ಲಿ ‘ಟ್ರೆಮರ್’ ಎಂದು ಬರೆದಿದ್ದರು. ಅದನ್ನು ನಾನು ‘ನಡುಕ’ ಎಂದು ತಿಳಿಸಿದಾಗ, “ನಾ ಯಾರಿಗಿ ಅಂಜೀನಿ?” ಎಂದು ಅವರು ನೊಂದುಕೊಂಡರು. ಭೂಮಿ ಅಲುಗಿದ ಸುದ್ದಿಗೂ ಇಂಗ್ಲಿಷಿನಲ್ಲಿ ಇದೇ ಪದ ಬರುತ್ತದೆ. ಎಲ್ಲಿ ಯಾವ ಕನ್ನಡ ಪದ ಸಲ್ಲುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಬೀದರ್):
ನಡುಗುವುದು ಎಂಬ ಅರ್ಥದ ಲ್ಯಾಟಿನ್ ‘ಟ್ರೆಮೆರೆ’ಯಿಂದ ಈ ಪದ ಬಂದಿದೆ; ‘ಟ್ರೆಂಬಲ್’ ಕೂಡ ಅದೇ ಬೇರಿನದು. ಅಂಜಿಕೆಯ ನಡುಕಕ್ಕೂ ಇಂಗ್ಲಿಷಿನವರು ಇದನ್ನು ಬಳಸುತ್ತಾರಾದರೂ, ವೈದ್ಯರು ಬರೆದಾಗ ಅದರಲ್ಲಿ ಅಂಜಿಕೆಯ ಸುಳಿವು ಇರುವುದಿಲ್ಲ. ನಮ್ಮ ಇಚ್ಛೆಯನ್ನು ಮೀರಿ, ಒಂದು ಲಯದಲ್ಲಿ, ಮತ್ತೆ ಮತ್ತೆ ಆಗುವ ಅಲುಗಾಟವಷ್ಟೇ ಅದರ ಅರ್ಥ. ಕನ್ನಡದ ನಡುಕಕ್ಕಾದರೋ ಚಳಿ, ಜ್ವರ, ಅಂಜಿಕೆ ಮೂರೂ ಅಂಟಿಕೊಂಡಿವೆ. ಆದ್ದರಿಂದ ಹಿರಿಯರೆದುರು ‘ಕೈ ಅದುರುತ್ತದೆ’ ಎನ್ನುವುದೇ ಮೇಲು. ಕಣ್ಣು ಅದುರಿತೆಂದರೆ ಯಾರೂ ಅದನ್ನು ಅಂಜಿಕೆಯೆಂದು ತಿಳಿಯುವುದಿಲ್ಲವಲ್ಲ.

ಉತ್ತರ (ಯಾದಗಿರಿ):
ಕೈ ಯಾವಾಗ ಅದುರುತ್ತದೆ ಎಂಬುದನ್ನೂ ಗಮನಿಸಿರಿ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ತೊಡೆಯ ಮೇಲೆ ಸುಮ್ಮನೆ ಇಟ್ಟ ಕೈ ಅದುರುತ್ತದೆ, ಏನನ್ನಾದರೂ ಹಿಡಿಯಲು ಚಾಚಿದಾಗ ಕಡಿಮೆಯಾಗುತ್ತದೆ. ‘ಎಸೆನ್ಶಿಯಲ್ ಟ್ರೆಮರ್’ ಎಂಬುದರಲ್ಲಿ ಇದಕ್ಕೆ ವಿರುದ್ಧವಾಗಿ, ಬಸಿ ಎತ್ತುವಾಗ, ಸಹಿ ಮಾಡುವಾಗಲೇ ಅದುರುವುದು ಹೆಚ್ಚು. ಯಾವುದೆಂದು ನಿರ್ಣಯಿಸಬೇಕಾದವರು ವೈದ್ಯರೇ, ಆದರೆ ನೀವು ಕಂಡದ್ದನ್ನು ಅವರಿಗೆ ಹೀಗೆ ಬಿಡಿಸಿ ಹೇಳಿದರೆ ನೆರವಾಗುತ್ತದೆ.

ಉತ್ತರ (ಚಿಂಚೋಳಿ):
ಭೂಮಿಯ ವಿಷಯಕ್ಕೆ ‘ಕಂಪನ’ವೇ ಸರಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಎಂಬ ಊರನ್ನು ನೆಲಸಮ ಮಾಡಿದ್ದು ಭೂಕಂಪ. ಅದನ್ನು ಬರಿಯ ‘ಟ್ರೆಮರ್’ ಎಂದರೆ ಸತ್ತ ಸಾವಿರಾರು ಜನರ ನೋವನ್ನು ಕಿರಿದುಗೊಳಿಸಿದಂತೆ. 2021ರ ಅಕ್ಟೋಬರಿನಲ್ಲಿ ನಮ್ಮ ತಾಲ್ಲೂಕಿನ ಗಡಿಕೇಶ್ವರದಲ್ಲಿ ನೆಲದೊಳಗಿಂದ ಸದ್ದು ಬಂದು, ಮತ್ತೆ ಮತ್ತೆ ಭೂಮಿ ಅಲುಗಿ, ಜನ ಮನೆಯ ಹೊರಗೆ ಮಲಗಿದರಲ್ಲ, ಅಂಥದಕ್ಕೆ ‘ಲಘು ಭೂಕಂಪನ’ ಎನ್ನಬಹುದು. ಪತ್ರಿಕೆಗಳು ಎರಡಕ್ಕೂ ಒಂದೇ ಪದ ಬಳಸುವುದು ನನಗೆ ಒಪ್ಪಿಗೆಯಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಈಗ ಗಮನಿಸಿದೆ: ಜೋಳದ ರೊಟ್ಟಿ ಮುರಿಯುವಾಗ ಕೈ ಅದುರುತ್ತದೆ, ಊಟವಾದ ಮೇಲೆ ಮಡಿಲಲ್ಲಿಟ್ಟ ಕೈ ಸ್ಥಿರವಾಗಿರುತ್ತದೆ. ಇದನ್ನು ಚೀಟಿಯ ಹಿಂಬದಿಯಲ್ಲಿ ಬರೆದಿಟ್ಟಿದ್ದೇನೆ.