ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ದೂರ ಎಷ್ಟು, ಪ್ರಯಾಣದ ಹೊತ್ತು ಎಷ್ಟು?

ಪ್ರಶ್ನೆ:
ಕೆಲವು ವರ್ಷಗಳ ಹಿಂದೆ, ಜನವರಿಯಲ್ಲಿ, ಮಗಳ ಮನೆಗೆಂದು ನಾವು ದಂಪತಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ತಡೆರಹಿತ ವಿಮಾನದಲ್ಲಿ ಹೋಗಿದ್ದೆವು. ಹೊರಟದ್ದು ಮಧ್ಯಾಹ್ನ 2ಕ್ಕೆ, ಇಳಿದದ್ದು ಅದೇ ದಿನ ಸಂಜೆ 4:30ಕ್ಕೆ ಎಂದು ಹಳೆಯ ಟಿಕೆಟ್ಟು ಹೇಳುತ್ತದೆ. ಮರಳುವಾಗ ಶುಕ್ರವಾರ ರಾತ್ರಿ 9ಕ್ಕೆ ವಿಮಾನ ಹತ್ತಿದವರು ಬೆಂಗಳೂರು ತಲುಪಿದ್ದು ಭಾನುವಾರ ನಸುಕಿನ 4ಕ್ಕೆ. ಇದನ್ನು ನೋಡಿದ ಮೊಮ್ಮಗ ಗೋಡೆಯ ಭೂಪಟದಲ್ಲಿ ಅರೇಬಿಯಾ, ಸಹಾರಾ, ಅಟ್ಲಾಂಟಿಕ್ ದಾಟುವ ನೇರ ಗೆರೆ ಎಳೆದು, ದೂರ 20,000 ಕಿ.ಮೀ. ಮೀರುತ್ತದೆ ಎನ್ನುತ್ತಾನೆ, ಅಂತರ್ಜಾಲದಲ್ಲಿ 14,000 ಎಂದಿದೆ. ಯಾವುದನ್ನು ನಂಬಬೇಕು?

ಮೊದಲ ಉತ್ತರ:
ಅಂತರ್ಜಾಲದ ಲೆಕ್ಕ ಸರಿಯಾಗಿದೆ. ದೂರ ಸುಮಾರು 13,990 ಕಿ.ಮೀ. ದುಂಡಗಿನ ಭೂಮಿಯನ್ನು ಕಾಗದದ ಮೇಲೆ ಚಪ್ಪಟೆಯಾಗಿ ಹರಡಿದಾಗ ನೇರ ಗೆರೆಯೇ ಹತ್ತಿರದ ದಾರಿಯಾಗಿ ಉಳಿಯುವುದಿಲ್ಲ. ಮನೆಯಲ್ಲಿ ಭೂಗೋಳದ ಮಾದರಿಯಿದ್ದರೆ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿಯಲು ಮೊಮ್ಮಗನಿಗೆ ಹೇಳಿ: ಅದು ಪಶ್ಚಿಮಕ್ಕೆ ಹೋಗುವುದೇ ಇಲ್ಲ, ಈಶಾನ್ಯಕ್ಕೆ ತಿರುಗಿ, ಟಿಬೆಟ್ ಮತ್ತು ಸೈಬೀರಿಯಾಗಳ ಮೇಲೆ ಹಾದು, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶವನ್ನು ಮುಟ್ಟಿ ಅಮೆರಿಕದ ಕಡೆಗೆ ಇಳಿಯುತ್ತದೆ. ಎರಡೂ ಊರುಗಳ ರೇಖಾಂಶಗಳ ನಡುವೆ ಸುಮಾರು 160 ಡಿಗ್ರಿ ಅಂತರವಿರುವುದೇ ಇದಕ್ಕೆ ಕಾರಣ.

ಎರಡನೆಯ ಉತ್ತರ:
ಟಿಕೆಟ್ಟಿನಲ್ಲಿ ಹೊರಡುವ ಮತ್ತು ತಲುಪುವ ವೇಳೆಗಳನ್ನು ಆಯಾ ಊರಿನ ಗಡಿಯಾರದಂತೆ ಅಚ್ಚಿಸುತ್ತಾರೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ 13 ಗಂಟೆ 30 ನಿಮಿಷ ಹಿಂದಿರುವುದರಿಂದ, ನೀವು ಹೊರಟಾಗ ಅಲ್ಲಿ ಇನ್ನೂ ಮಧ್ಯರಾತ್ರಿ 12:30. ಅದಕ್ಕೆ 16 ಗಂಟೆ ಕೂಡಿಸಿದರೆ ಸಂಜೆ 4:30. ಮರಳುವಾಗ ಗಡಿಯಾರ ತೋರಿಸುವ 31 ಗಂಟೆಗಳಿಂದ ಅದೇ ಹದಿಮೂರೂವರೆಯನ್ನು ಕಳೆದರೆ ಹದಿನೇಳೂವರೆ ಗಂಟೆಯ ಹಾರಾಟ ಉಳಿಯುತ್ತದೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. ಆಗ ಹನ್ನೆರಡೂವರೆ ಗಂಟೆ ಎಂದು ಲೆಕ್ಕ ಹಿಡಿಯಬೇಕು.

ಮೂರನೆಯ ಉತ್ತರ:
ದಾರದ ದಾರಿಯನ್ನೇ ವಿಮಾನವೂ ಹಿಡಿಯುತ್ತದೆ ಎಂದುಕೊಳ್ಳಬೇಡಿ. ಒಳಗಿನ ಗಾಳಿಯ ಒತ್ತಡ ಕುಸಿದರೆ ಪೈಲಟ್ ತಕ್ಷಣ ಸುಮಾರು 3 ಕಿ.ಮೀ. ಎತ್ತರಕ್ಕೆ ಇಳಿಸಬೇಕು, ಆದರೆ ಟಿಬೆಟ್ಟಿನ ನೆಲವೇ ಅದಕ್ಕಿಂತ ಎತ್ತರದಲ್ಲಿರುವುದರಿಂದ ಆ ಪ್ರದೇಶವನ್ನು ಸಾಮಾನ್ಯವಾಗಿ ಬಿಟ್ಟು ಸುತ್ತಿಕೊಂಡು ಹೋಗುತ್ತಾರೆ. ಜೊತೆಗೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಗಾಳಿಯನ್ನು ಬೆನ್ನಿಗೆ ಪಡೆಯಲು ಪೆಸಿಫಿಕ್ ಮೇಲೆ ತುಸು ಸುತ್ತು ಹಾಕುವುದೂ ಲಾಭವೇ, ಏಕೆಂದರೆ ದೂರ ಹೆಚ್ಚಿದರೂ ಹೊತ್ತು ಉಳಿಯುತ್ತದೆ. ಬರುವಾಗ ಆ ಗಾಳಿಯನ್ನು ಎದುರಿಸದಿರಲು ಬೇರೆ ದಾರಿ ಬೇಕಾಗುತ್ತದೆ. 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಹೊರಟ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಉತ್ತರ ಧ್ರುವದ ಮೇಲಿಂದ ತಂದು, 11ರ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿಸಿತು. ನಿಮ್ಮ ಶುಕ್ರವಾರ–ಭಾನುವಾರದ ಲೆಕ್ಕವೂ ಅದೇ ಬಗೆಯದು.