ಇಗರ್ಜಿಗೆ ಕರೆದರೆ ತಪ್ಪೇನು?

ಕೋಡಿಬಾಗದವ: ಆಫೀಸಿನ ಒಬ್ಬ ಅಕ್ಕ ಡಿಸೆಂಬರ್ 3ರ ಚಂದಾವರ ಇಗರ್ಜಿಯ (ಚರ್ಚಿನ) ಫೆಸ್ತಿಗೆ ಕರೆದಿದ್ದಾರೆ. ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ. "ಯೇಸುವಿನ ಬಗ್ಗೆ ಏನಾದರೂ ಕೇಳಬೇಕು ಅನಿಸಿದರೆ ಕೇಳಿ, ಇಲ್ಲಾಂದ್ರೆ ಹಬ್ಬ ನೋಡಿಕೊಂಡು ಬರೋಣ" ಅಂದರು. ನನಗೆ ಖುಷಿಯಾಯಿತು. ಮನೆಯಲ್ಲಿ ಮಾತ್ರ, ಮತಾಂತರ ಶುರುವಾಗೋದೇ ಹೀಗೆ ಅಂತಾರೆ. ನೀವೇನಂತೀರಿ?

ಶಿರಸಿ ಮಾಣಿ: ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ನಾವೂ ಎಲ್ಲರನ್ನೂ ಕರೆಯುತ್ತೇವೆ. ಧರ್ಮ ಕೇಳಿ ಕರೆಯುತ್ತೇವಾ? ಚಂದಾವರಕ್ಕೂ ಎಲ್ಲ ಧರ್ಮದವರು ಹೋಗುತ್ತಾರೆ. ಹೋಗಿಬನ್ನಿ.

ಅಂಕೋಲೆಯ ವಕೀಲ: ಮಾಣಿ, ಅದೂ ಇದೂ ಒಂದೇ ಅಲ್ಲ. ಜಾತ್ರೆಗೆ ಕರೆದವರಿಗೆ ನೀವು ನಿಮ್ಮ ದೇವರನ್ನು ಬಿಡಬೇಕು ಅಂತ ಆಸೆ ಇರುವುದಿಲ್ಲ. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರಕ್ಕೆ ಅವಕಾಶ ಕೊಡುತ್ತದೆ, ನಿಜ. ಆದರೆ ಅದರಲ್ಲಿ ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಸೇರಿಲ್ಲ ಅಂತ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ಕೆಲಸ, ದುಡ್ಡು, ಮಕ್ಕಳ ಫೀಸು ತೋರಿಸಿ ಕರೆದರೆ?

ಹೊನ್ನಾವರದ ಟೀಚರ್: ವಕೀಲರೇ, ಹಾಗೆ ಕರೆದರೆ ನಾನೂ ವಿರೋಧಿಸುತ್ತೇನೆ. ಅದು ಕರೆಯೋದಲ್ಲ, ಕೊಳ್ಳೋದು. ಆದರೆ ಅದೇ ತೀರ್ಪು, ನಮ್ಮ ನಂಬಿಕೆ ಏನು ಅಂತ ವಿವರಿಸಿ ಹೇಳುವ ಹಕ್ಕಿದೆ ಅಂತಲೂ ಹೇಳಿದೆ, ಅಲ್ವಾ?

ನಾನು ಕ್ರೈಸ್ತಳು. ನನಗೆ ಸಿಕ್ಕ ಸಮಾಧಾನ ನನ್ನ ಗೆಳತಿಯರಿಗೂ ಸಿಗಲಿ ಅಂತ ಆಸೆಯಿದೆ. ಅದನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟು ಕರೆದರೆ ಅದೇ ಮೋಸ. ಬೈಬಲಿನ ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಇದೆ ನೋಡಿ. ಶಿಷ್ಯ ಫಿಲಿಪ್ಪ ಯೇಸುವಿನ ಬಗ್ಗೆ ಹೇಳಿದಾಗ ನತಾನಿಯೇಲ, ಯೇಸುವಿನ ಊರಾದ ನಜರೇತಿನಿಂದ ಒಳ್ಳೆಯದೇನಾದರೂ ಬರುತ್ತದಾ ಅಂತ ಕೇಳುತ್ತಾನೆ. ಫಿಲಿಪ್ಪ ವಾದಕ್ಕೆ ಇಳಿಯುವುದಿಲ್ಲ. ಬಂದು ನೋಡು ಅಂತಾನೆ, ಅಷ್ಟೇ. ನೋಡುವವನು, ತೀರ್ಮಾನ ಮಾಡುವವನು ನತಾನಿಯೇಲನೇ. ಕರೆದವರನ್ನು ನಾನು ಎರಡನೇ ಸಲ ಒತ್ತಾಯಿಸುವುದಿಲ್ಲ. ಬಾರದವರು ಬೇಸರ ಮಾಡಿಕೊಂಡು ನನ್ನಿಂದ ದೂರ ಆಗಬಾರದು.

ಸದಾಶಿವಗಡ: ಲಂಡನ್ನಿನ ಒಂದು ಚರ್ಚಿನಲ್ಲಿ ಶುರುವಾದ, ಕ್ರೈಸ್ತ ನಂಬಿಕೆಯನ್ನು ಪರಿಚಯಿಸುವ ಆಲ್ಫಾ ಕೋರ್ಸ್ ಕೂಡ ಇದೇ ದಾರಿಯದ್ದು. ಮೊದಲು ಊಟ, ಆಮೇಲೆ ಒಂದು ಮಾತು, ಆಮೇಲೆ ಸಣ್ಣ ಗುಂಪಿನಲ್ಲಿ ಚರ್ಚೆ. ದೇವರೇ ಇಲ್ಲ ಅನ್ನುವವರೂ ಧೈರ್ಯವಾಗಿ ಕೇಳಬಹುದು. ನಮ್ಮಲ್ಲಿ ಅಷ್ಟು ನಿರಾಳವಾಗಿ ಧರ್ಮದ ಮಾತಾಡಲು ಜಾಗವೇ ಕಡಿಮೆ. ಮಾತಾಡದೇ ಇರುವುದರಿಂದಲೇ ಅನುಮಾನ ಜಾಸ್ತಿ ಆಗಿದೆ.

ಅಂಕೋಲೆಯ ವಕೀಲ: ಟೀಚರ್, ಆಸೆಯನ್ನು ಬಾಯಿಬಿಟ್ಟು ಹೇಳಿದ್ದು ಮೆಚ್ಚಿದೆ. ನನ್ನ ಭಯ ಪೂರ್ತಿ ಹೋಗಿಲ್ಲ. ಬಡವರ ಮನೆಗೆ ಹೋಗಿ ಕರೆಯುವಾಗ, ಬೇಡ ಅನ್ನಲು ಅವರಿಗೆ ನಿಜವಾಗಿ ಆಗುತ್ತದಾ?

ಹೊನ್ನಾವರದ ಟೀಚರ್: ಕಷ್ಟ. ಅದಕ್ಕೇ ಸಹಾಯ ಮಾಡುವ ದಿನ ನಾನು ಧರ್ಮದ ಮಾತು ಎತ್ತುವುದಿಲ್ಲ. ಬೇಡ ಅನ್ನಲು ಆಗದವರನ್ನು ಕರೆದರೆ ಅದು ಕರೆಯೇ ಅಲ್ಲ.

ಶಿರಸಿ ಮಾಣಿ: ಟೀಚರ್, ಒಂದು ಕೇಳಲಾ? ಇಗರ್ಜಿಯ ಪೂಜೆಯಲ್ಲಿ ಪ್ರಸಾದ ಕೊಡುವಾಗ ನಮ್ಮಂಥವರು ಏನು ಮಾಡಬೇಕು? ತಗೊಳ್ಳದಿದ್ದರೆ ಬೇಜಾರಾಗುತ್ತದಾ?

ಹೊನ್ನಾವರದ ಟೀಚರ್: ಇಲ್ಲ ಇಲ್ಲ. ಪರಮಪ್ರಸಾದ ಕಥೋಲಿಕರಿಗೆ ಮಾತ್ರ. ಉಳಿದವರು ಕೂತಲ್ಲೇ ಕೂತಿರಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಹಬ್ಬದ ದಿನ ರಶ್ ಇರುತ್ತದೆ, ಸ್ವಲ್ಪ ಬೇಗ ಬನ್ನಿ.